17 ವರ್ಷ ಗಾಡಿ ಓಡಿಸಿದ ಮೇಲೆ ಮತ್ತೆ ಡ್ರೈವಿಂಗ್ ಕಲಿತೆ: ಎರಡು ವರ್ಷದ ಅನುಭವ

ಲೈಸೆನ್ಸ್ ಇದ್ದವರಿಗೆ ಸುರಕ್ಷಿತವಾಗಿ ಗಾಡಿ ಓಡಿಸುವುದನ್ನು ಕಲಿಸುವ ಒಂದು ತರಬೇತಿಗೆ ಹೋಗಿದ್ದೆ. ಅದಕ್ಕೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಸಂಸ್ಥೆಯ ಹೆಸರು ಹಾಕುತ್ತಿಲ್ಲ. ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತದೆ.

ನಮ್ಮದು ಚಿಕ್ಕಬಳ್ಳಾಪುರದ ಹತ್ತಿರ ಒಂದು ಹಳ್ಳಿ. ಸೇವಂತಿಗೆ, ಗುಲಾಬಿ ಬೆಳೆಯುತ್ತೇವೆ, ಮನೆಗೆ ಆಗುವಷ್ಟು ರಾಗಿ. ವಾರಕ್ಕೆ ನಾಲ್ಕು ದಿನ ರಾತ್ರಿ ಎರಡೂವರೆಗೆ ಎದ್ದು, ಟಾಟಾ ಏಸ್‌ಗೆ ಹೂವಿನ ಮೂಟೆ ತುಂಬಿಕೊಂಡು ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ಗೆ ಹೋಗುತ್ತೇನೆ. ಗಾಡಿ ಕಲಿಸಿದ್ದು ನಮ್ಮ ಸೋದರಮಾವ, ಕೊಯ್ದು ಖಾಲಿ ಬಿಟ್ಟ ಹೊಲದಲ್ಲಿ. ಆಮೇಲೆ ಯಾರೂ ಏನೂ ಕಲಿಸಲಿಲ್ಲ. ಕಲಿಯುವುದು ಇದೆ ಅಂತ ನನಗೂ ಅನ್ನಿಸಿರಲಿಲ್ಲ.

2023ರ ಅಕ್ಟೋಬರ್ 26 ನಮ್ಮ ಕಡೆಯವರಿಗೆ ನೆನಪಿರುತ್ತದೆ. ಚಿಕ್ಕಬಳ್ಳಾಪುರದ ಹೊರಗೆ ಹೆದ್ದಾರಿ 44ರಲ್ಲಿ, ಬೆಳಗಿನ ಮಂಜಿನಲ್ಲಿ, ನಿಂತಿದ್ದ ಟ್ಯಾಂಕರ್‌ಗೆ ಹಿಂದಿನಿಂದ ಟಾಟಾ ಸುಮೋ ಗುದ್ದಿ 13 ಜನ ಹೋದರು. ಆ ರಸ್ತೆಯಲ್ಲಿ ನಾನು ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಮಂಜಿನಲ್ಲಿ ನಾನೂ ಎಪ್ಪತ್ತರಲ್ಲೇ ಹೋಗುತ್ತಿದ್ದೆ. ಮುಂದಿನ ಲಾರಿಯ ಕೆಂಪು ದೀಪ ಹಿಡಿದುಕೊಂಡು ಹೋದರೆ ಸಾಕು ಅನ್ನುವುದು ನನ್ನ ವಿದ್ಯೆ. ಆ ಲಾರಿಗೆ ದೀಪವೇ ಇಲ್ಲದಿದ್ದರೆ? ಅದು ನಿಂತೇ ಬಿಟ್ಟಿದ್ದರೆ? ಆ ಸುದ್ದಿ ಓದಿದ ಮೇಲೆ ಒಂದು ವಾರ ಸರಿಯಾಗಿ ನಿದ್ದೆ ಬರಲಿಲ್ಲ. ಡಿಸೆಂಬರ್‌ನಲ್ಲಿ ಈ ತರಬೇತಿಗೆ ಸೇರಿದೆ. ಎರಡು ದಿನ, 4,500 ರೂಪಾಯಿ. ಮನೆಯಲ್ಲಿ ನಕ್ಕರು. "ಲೈಸೆನ್ಸ್ ಇದೆಯಲ್ಲ, ಮತ್ತೆ ಯಾಕೆ ದುಡ್ಡು ದಂಡ?" ಅಂದಳು ನನ್ನ ಹೆಂಡತಿ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲ ದಿನ ಬೆಳಿಗ್ಗೆ ಕ್ಲಾಸು. ಅಲ್ಲಿ ಹೇಳಿದ ಒಂದು ಲೆಕ್ಕಕ್ಕೇ ನನ್ನ ದುಡ್ಡು ತೀರಿತು. 80ರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಕಣ್ಣು ನೋಡಿ, ಕಾಲು ಬ್ರೇಕಿನ ಮೇಲೆ ಬರುವುದಕ್ಕೇ ಒಂದು ಸೆಕೆಂಡು ಬೇಕು. ಅಷ್ಟು ಹೊತ್ತು ಗಾಡಿ ಒಂಚೂರೂ ನಿಧಾನ ಆಗಿರುವುದಿಲ್ಲ. 22 ಮೀಟರ್ ಅಂದರೆ ನಮ್ಮ ಹೂವಿನ ಲೆಕ್ಕದಲ್ಲಿ ಹನ್ನೆರಡು ಮಾರು. ಹನ್ನೆರಡು ಸಲ ಕೈ ಚಾಚಿ ಹೂವಿನ ಸರ ಅಳೆದು ನೋಡಿ, ಎಷ್ಟು ಉದ್ದ ಅಂತ ತಿಳಿಯುತ್ತದೆ. ಬ್ರೇಕ್ ಹಿಡಿಯುವ ದೂರ ಅದರ ಮೇಲೆ ಬೇರೆ. ಒಣ ರಸ್ತೆ, ಒಳ್ಳೆ ಬ್ರೇಕು, ಒಳ್ಳೆ ಟೈರು ಇದ್ದರೂ 80ರಿಂದ ಪೂರ್ತಿ ನಿಲ್ಲುವುದಕ್ಕೆ 60 ಮೀಟರ್ ಹತ್ತಿರ ಬೇಕು. 60ರಲ್ಲಿ ಹೋಗುತ್ತಿದ್ದರೆ ಸುಮಾರು 40. ನನ್ನ ಗಾಡಿಯಲ್ಲಿ ಲೋಡ್ ಇರುತ್ತದೆ, ರಸ್ತೆ ಇಬ್ಬನಿಗೆ ಒದ್ದೆ ಇರುತ್ತದೆ. ಮಂಜಿನಲ್ಲಿ ಎಷ್ಟು ದೂರ ಕಾಣುತ್ತಿತ್ತು ನನಗೆ? ಮೂವತ್ತು ಮೀಟರ್ ಕಂಡರೆ ಜಾಸ್ತಿ.

ಮೇಷ್ಟ್ರು ಹೇಳಿದ್ದು ಇಷ್ಟೇ: "ಎಷ್ಟು ದೂರ ಕಾಣುತ್ತೋ ಅಷ್ಟರೊಳಗೆ ಗಾಡಿ ನಿಲ್ಲಬೇಕು. ಅದೇ ನಿಮ್ಮ ಸ್ಪೀಡು. ಬೋರ್ಡಿನಲ್ಲಿ ಏನು ಬರೆದಿದ್ದಾರೆ ಅನ್ನೋದು ಆಮೇಲೆ." ಎರಡು ವರ್ಷದಲ್ಲಿ ಒಂದು ದಿನವೂ ಮರೆಯದ ಮಾತು ಇದೊಂದೇ. ಈಗ ಮಂಜು ಇದ್ದರೆ 30ಕ್ಕೆ ಇಳಿಯುತ್ತೇನೆ, ದೀಪ ಡಿಮ್‌ನಲ್ಲಿ ಇಡುತ್ತೇನೆ. ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಮಾರ್ಕೆಟ್‌ಗೆ ಇಪ್ಪತ್ತು ನಿಮಿಷ ತಡ ಆಗುತ್ತದೆ, ಕೆಲವು ದಿನ ರೇಟೂ ಬಿದ್ದಿರುತ್ತದೆ. ಆಗಲಿ.

ಮಧ್ಯಾಹ್ನ ಮೈದಾನದಲ್ಲಿ ಬ್ರೇಕ್ ಪಾಠ. ಅವರ ಕಾರಿನಲ್ಲಿ ಎಬಿಎಸ್ ಇತ್ತು, ಅಂದರೆ ಬ್ರೇಕ್ ಜೋರಾಗಿ ತುಳಿದರೂ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. ಬ್ರೇಕನ್ನು ಪೂರ್ತಿ ತುಳಿದು ಸ್ಟೇರಿಂಗ್ ತಿರುಗಿಸಿ ಪ್ಲಾಸ್ಟಿಕ್ ಕೋನ್ ತಪ್ಪಿಸುವುದು. ಮಜಾ ಇತ್ತು, ಎಲ್ಲರೂ ವಿಡಿಯೋ ಮಾಡಿಕೊಂಡರು. ಆದರೆ ನನ್ನ 2014ರ ಏಸ್‌ಗೆ ಎಬಿಎಸ್ ಎಲ್ಲಿದೆ? ಅದರಲ್ಲಿ ಹಾಗೆ ತುಳಿದರೆ ಚಕ್ರ ಲಾಕ್ ಆಗುತ್ತದೆ, ಆಮೇಲೆ ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರ ಜಾರುತ್ತದೆ. ಒತ್ತಿ, ಚಕ್ರ ಕಟ್ಟಿಕೊಂಡರೆ ಸ್ವಲ್ಪ ಬಿಟ್ಟು, ಮತ್ತೆ ಒತ್ತಬೇಕು. ಇದನ್ನು ನಾನು ಕೇಳಿದ ಮೇಲೆ ಹೇಳಿದರು. ಬಂದವರಲ್ಲಿ ಅರ್ಧ ಜನ ಹಳೇ ಗಾಡಿಯವರು. ನಾನು ಕೇಳದಿದ್ದರೆ ಅವರು ತಪ್ಪು ಪಾಠ ಕಲಿತು ಮನೆಗೆ ಹೋಗುತ್ತಿದ್ದರು. ಅರ್ಧ ಅಂಕ ಇಲ್ಲೇ ಹೋಯಿತು.

ಎರಡನೇ ದಿನ ನಂದಿ ಬೆಟ್ಟದ ರಸ್ತೆ. ಶನಿವಾರ, ಭಾನುವಾರ ಸೂರ್ಯೋದಯ ನೋಡಲು ಬೆಂಗಳೂರಿನ ಬೈಕುಗಳು ಹೇಗೆ ನುಗ್ಗುತ್ತವೆ ಅಂತ ಗೊತ್ತಲ್ವಾ. ಪುಣ್ಯಕ್ಕೆ ನಾವು ಹೋಗಿದ್ದು ಸೋಮವಾರ. ತಿರುವಿನಲ್ಲಿ ರಸ್ತೆಯ ಎಡ ಅಂಚು, ಬಲ ಅಂಚು ದೂರದಲ್ಲಿ ಒಂದು ಕಡೆ ಕೂಡಿದ ಹಾಗೆ ಕಾಣುತ್ತವೆ. ಆ ಕೂಡುವ ಜಾಗದ ಮೇಲೆ ಕಣ್ಣಿಡಿ ಅಂದರು. ಅದು ನಮ್ಮ ಹತ್ತಿರ ಹತ್ತಿರ ಬರುತ್ತಿದ್ದರೆ ತಿರುವು ಇನ್ನೂ ಬಿಗಿ ಇದೆ, ಸ್ಪೀಡು ಇಳಿಸಬೇಕು. ನಮ್ಮಿಂದ ದೂರ ಸರಿಯತೊಡಗಿದರೆ ತಿರುವು ಬಿಚ್ಚಿಕೊಳ್ಳುತ್ತಿದೆ, ಆಕ್ಸಿಲರೇಟರ್ ಕೊಡಬಹುದು. ಇಷ್ಟು ವರ್ಷ ತಿರುವಿನೊಳಗೆ ಹೋದ ಮೇಲೆ ಬ್ರೇಕ್ ಒತ್ತುತ್ತಿದ್ದೆ. ಹಿಂದೆ ಮೂಟೆಗಳು ಒಂದು ಪಕ್ಕಕ್ಕೆ ವಾಲುತ್ತಿದ್ದದ್ದು ಅದಕ್ಕೇ. ಈಗ ಹೂವು ನಲುಗುವುದು ಕಮ್ಮಿ ಆಗಿದೆ.

ಇನ್ನೊಂದು, ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಓಡಿಸುವುದು. "ಎಡಕ್ಕೆ ಕ್ರಾಸು, ಸ್ಕೂಟರ್ ಬರ್ತಿದೆ, ನಮ್ಮನ್ನ ನೋಡಿಲ್ಲ. ಮುಂದೆ ಬಸ್ ನಿಂತಿದೆ, ಇಳಿದವರು ಅದರ ಮುಂದಿಂದ ಅಡ್ಡ ಬರಬಹುದು." ಮೊದಲ ತಿಂಗಳು ರಾತ್ರಿ ಮೂರು ಗಂಟೆಗೆ ಒಬ್ಬನೇ ಹೀಗೆ ಗೊಣಗಿಕೊಂಡು ಹೋಗುತ್ತಿದ್ದೆ. ಒಂದು ದಿನ ಜೊತೆಗೆ ಬಂದ ಹುಡುಗ ಹೆದರಿ, "ಅಣ್ಣಾ, ಯಾರ ಹತ್ರ ಮಾತಾಡ್ತಿದ್ದೀರಾ?" ಅಂದ. ಅವನು ಬಾಗೇಪಲ್ಲಿ ಕಡೆಯವನು. ಈಗ ಅವನೂ ಸೇರಿಕೊಂಡು ತೆಲುಗಿನಲ್ಲಿ ಹೇಳುತ್ತಾನೆ. ನನಗಿಂತ ಮೊದಲೇ ನಾಯಿ ಕಾಣುತ್ತದೆ ಅವನಿಗೆ.

ಈಗ ಬೇಜಾರಿನ ಮಾತು. ಆ ಎರಡು ದಿನದ ಪಾಠ ಬಹುಪಾಲು ಹೆದ್ದಾರಿಯದ್ದು. ನಮ್ಮ ಅಪಾಯ ಇರುವುದು ಹೆದ್ದಾರಿ ಬಿಟ್ಟು ಊರಿಗೆ ತಿರುಗಿದ ಮೇಲಿನ ಎಂಟು ಕಿಲೋಮೀಟರಿನಲ್ಲಿ. ಬಣ್ಣವಿಲ್ಲದ ಹಂಪು. ಹಿಂದೆ ದೀಪವಿಲ್ಲದ ಟ್ರೈಲರ್. ಸಂಜೆ ಮನೆಗೆ ಹೊರಟ ಹಸು. ಎಲ್ಲಕ್ಕಿಂತ ಮೇಲೆ, ಸುಗ್ಗಿಯ ಕಾಲದಲ್ಲಿ ಗಾಡಿಗಳು ತುಳಿದು ಕಾಳು ಬಿಡಿಸಲಿ ಅಂತ ರಸ್ತೆ ತುಂಬ ಹರಡಿದ ರಾಗಿ ಹುಲ್ಲು, ಹುರುಳಿ. ಸಂಸ್ಥೆಯ ಪುಸ್ತಕದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಹೇಳಿಕೊಟ್ಟದ್ದು ಅಲ್ಲಿ ಸಹಾಯಕ್ಕೆ ಇದ್ದ ಒಬ್ಬ ಹಿರಿಯರು. ಕೆಎಸ್‌ಆರ್‌ಟಿಸಿಯಲ್ಲಿ ಬಸ್ ಓಡಿಸಿ ರಿಟೈರ್ ಆದವರು. ಊಟದ ಹೊತ್ತಿನಲ್ಲಿ, ಮುದ್ದೆ ಮುರಿಯುತ್ತಾ ಹೇಳಿದರು. ಹುಲ್ಲಿನ ಮೇಲೆ ಹೋಗುವ ಮೊದಲೇ ನಿಧಾನ ಮಾಡು. ಹುಲ್ಲಿನ ಮೇಲೆ ಬ್ರೇಕ್ ಬೇಡ, ಸ್ಟೇರಿಂಗ್ ಎಳೆಯಬೇಡ. ಅದರ ಮೇಲೆ ಗಾಡಿ ನಿಲ್ಲಿಸಲೇಬೇಡ, ಸೈಲೆನ್ಸರ್ ಬಿಸಿಗೆ ಹೊತ್ತಿಕೊಳ್ಳುತ್ತದೆ. ಹುರುಳಿ ಬಳ್ಳಿ ಅಡಿಯಲ್ಲಿ ಸುತ್ತಿಕೊಂಡಿರುತ್ತದೆ, ದಾಟಿದ ಮೇಲೆ ಇಳಿದು ಬಗ್ಗಿ ನೋಡು. ಈ ಐದು ನಿಮಿಷದ ಪಾಠಕ್ಕೆ ಬೇರೆ ಫೀಸು ಕೇಳಿದ್ದರೂ ಕೊಡುತ್ತಿದ್ದೆ.

ನಾಚಿಕೆ ಬಿಟ್ಟು ಹೇಳುತ್ತೇನೆ, ರಸ್ತೆಯಲ್ಲಿ ರಾಗಿ ಹಾಕುವವರಲ್ಲಿ ನಾವೂ ಒಬ್ಬರು. ಹಿಂದೆ ಊರ ಮುಂದೆ ಕಣ ಇತ್ತು, ಗುಂಡು ಎಳೆಸುತ್ತಿದ್ದರು. ಈಗ ಆ ಜಾಗದಲ್ಲಿ ಮನೆಗಳು. ಟಾರು ರಸ್ತೆ ಮೇಲೆ ಹಾಕಿದರೆ ಬಸ್ಸು, ಲಾರಿ ಸುಮ್ನೆ ಒಕ್ಕಿಕೊಟ್ಟು ಹೋಗುತ್ತವೆ. ಹೋದ ವರ್ಷ ಸಂಕ್ರಾಂತಿಗೆ ಮುಂಚೆ, ಬೇರೆಯವರ ರಾಗಿ ಹುಲ್ಲಿನ ಮೇಲೆ ನನ್ನ ಕಣ್ಣೆದುರೇ ಒಬ್ಬ ಹುಡುಗ ಬೈಕಿನಿಂದ ಜಾರಿಬಿದ್ದ. ಗಾಡಿಯನ್ನು ಹಿಂದೆಯೇ ಅಡ್ಡ ನಿಲ್ಲಿಸಿ, ತ್ರಿಕೋನದ ಬೋರ್ಡನ್ನು ಸುಮಾರು ಐವತ್ತು ಹೆಜ್ಜೆ ಹಿಂದೆ ಇಟ್ಟು, 108ಕ್ಕೆ ಫೋನ್ ಮಾಡಿದೆ. ಹೆಲ್ಮೆಟ್ ಎಳೆಯಲು ಬಂದವರನ್ನು ತಡೆದೆ, ಕುತ್ತಿಗೆಗೆ ಏಟಾಗಿದ್ದರೆ ಎಳೆದಾಗ ಇನ್ನೂ ಕೆಡುತ್ತದೆ. ಇವೆಲ್ಲ ತರಬೇತಿಯಲ್ಲಿ ಹೇಳಿದ್ದು. ಗಾಯಗೊಂಡವರಿಗೆ ಸಹಾಯ ಮಾಡಿದವರು ಹೆಸರು, ವಿಳಾಸ ಕೊಡಲೇಬೇಕು ಅಂತ ಪೊಲೀಸರು ಒತ್ತಾಯ ಮಾಡುವಂತಿಲ್ಲ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಆದ ಮೇಲೆ 2020ರಲ್ಲಿ ಬಂದ ನಿಯಮಗಳಲ್ಲೇ ಅದು ಇದೆ ಅಂತಲೂ ಹೇಳಿದ್ದರು. ಅದು ಗೊತ್ತಿದ್ದದ್ದರಿಂದ ಧೈರ್ಯವಾಗಿ ನಿಂತೆ. ಹುಡುಗನ ಕೈ ಮುರಿದಿತ್ತು, ಬದುಕಿದ.

ಮನೆಗೆ ಬಂದು ತಮ್ಮನ ಜೊತೆ ಜಗಳ. ಆ ವರ್ಷ ಮಷಿನ್ ಬಾಡಿಗೆಗೆ ತಂದು ಹೊಲದಲ್ಲೇ ಒಕ್ಕಿಸಿದೆವು. ಈ ವರ್ಷ ನಾನು ಮಾರ್ಕೆಟ್‌ಗೆ ಹೋಗಿದ್ದಾಗ ಅವನು ಮತ್ತೆ ರಸ್ತೆಗೇ ಹಾಕಿದ್ದ. ಬಾಡಿಗೆ ಯಾರು ಕೊಡುತ್ತಾರೆ ಅಂದ. ಮಾತು ಬಿಟ್ಟು ಎರಡು ವಾರ ಆಯಿತು.

ಹೆಸರು ಹಾಕದ ಕಾರಣ: ಆರು ತಿಂಗಳಿಗೆ ಒಂದು ದಿನ ಉಚಿತ ರಿಫ್ರೆಶರ್ ಇದೆ ಅಂತ ರಸೀದಿಯಲ್ಲೇ ಬರೆದಿದ್ದರು. ನಾಲ್ಕು ಸಲ ಫೋನ್ ಮಾಡಿದೆ, "ಬ್ಯಾಚ್ ಆಗಲಿ ಸರ್" ಅನ್ನುತ್ತಾರೆ. ಅದು ಬೇಕಿತ್ತು. ಎಂಟು ತಿಂಗಳಾಗುವಷ್ಟರಲ್ಲಿ ನನ್ನ ಹಳೇ ಚಾಳಿ ವಾಪಸ್ ಬಂದಿತ್ತು. ಲಾರಿಯ ಹಿಂದೆ ಅಂಟಿಕೊಂಡು ಹೋಗುವುದು, ಹಳ್ಳಿ ರಸ್ತೆಯಲ್ಲಿ ಬೆಲ್ಟ್ ಹಾಕದಿರುವುದು. ತೆಲುಗು ಹುಡುಗ ಬೈದ ಮೇಲೆ ಸರಿಯಾದೆ.

ಮಗನಿಗೆ ಈಗ ಹದಿನೆಂಟು. ಲೈಸೆನ್ಸ್ ಬಂದ ಮೇಲೆ ಅವನನ್ನೂ ಅಲ್ಲಿಗೇ ಕಳಿಸುತ್ತೇನೆ. ಎರಡು ಮಾತು ಹೇಳಿಟ್ಟಿದ್ದೇನೆ. ಅವರ ಕಾರು ಬೇಡ, ನಮ್ಮ ಏಸ್‌ನಲ್ಲೇ ಕಲಿ. ಊಟಕ್ಕೆ ಆ ಹಿರಿಯರ ಪಕ್ಕದಲ್ಲೇ ಕೂತುಕೋ.