300 ವಾಟ್ ಆಂಪ್ಲಿಫೈಯರ್ ಜೊತೆ 5 ವರ್ಷ: ಕೇಳಿ ಕಂಡುಕೊಂಡಿದ್ದು

ಮೃದಂಗದ ಎಡಗೈ ಪೆಟ್ಟಿನಿಂದಲೇ ಶುರು ಮಾಡುತ್ತೇನೆ. ನಾನು ಈ ಆಂಪ್ಲಿಫೈಯರ್ ತಂದಿದ್ದೇ ಅದಕ್ಕಾಗಿ. ಎಡಮುಖಕ್ಕೆ ಹೊಡೆದು ಅಂಗೈ ಒತ್ತಿ ಜಾರಿಸಿದಾಗ ಗುಮ್ಕಿ ಬರುತ್ತದಲ್ಲ, ಆ 'ಗುಂ' ಕೆಳಗಿನಿಂದ ಮೇಲಕ್ಕೆ ಬಾಗುತ್ತಾ ಹೋಗಬೇಕು. ನನ್ನ ಹಳೆಯ 60 ವಾಟ್ ಆಂಪ್‌ನಲ್ಲಿ ವಾಲ್ಯೂಮ್ ಸ್ವಲ್ಪ ಏರಿಸಿದರೆ ಸಾಕು, ಆ ಬಾಗು ಕಾಣೆಯಾಗುತ್ತಿತ್ತು. ಬರೀ 'ಧಬ್' ಅನ್ನುತ್ತಿತ್ತು. ಅದೇ ಕ್ಷಣಕ್ಕೆ ಹಾಡುವವರ ದನಿಯೂ ಒರಟಾಗುತ್ತಿತ್ತು. ಸ್ಪೀಕರ್‌ದೇ ತಪ್ಪು ಅಂದುಕೊಂಡು ಒಂದೂವರೆ ವರ್ಷ ಅವುಗಳ ಜಾಗ ಬದಲಿಸುತ್ತಾ ಕಳೆದೆ.

ಗೆಳೆಯನೊಬ್ಬ ಆಸಿಲೋಸ್ಕೋಪ್ (ವೋಲ್ಟೇಜ್ ಏರಿಳಿತವನ್ನು ಪರದೆಯ ಮೇಲೆ ಅಲೆಯಾಗಿ ತೋರಿಸುವ ಯಂತ್ರ) ತಂದ ದಿನ ವಿಷಯ ಗೊತ್ತಾಯಿತು. ಸ್ಪೀಕರ್ ಟರ್ಮಿನಲ್‌ಗೆ ಅದನ್ನು ಸಿಕ್ಕಿಸಿ ಅದೇ ರೆಕಾರ್ಡಿಂಗ್ ಹಾಕಿದೆವು. ಹಾಡು ನಡೆಯುವಾಗ ಅಲೆ ಮೂರು, ನಾಲ್ಕು ವೋಲ್ಟ್ ಸುತ್ತ ಆರಾಮಾಗಿ ಓಡಾಡುತ್ತಿತ್ತು. ಗುಮ್ಕಿ ಬಂದಾಗ ಒಮ್ಮೆಲೇ ಮೇಲೆದ್ದು, 30 ವೋಲ್ಟ್ ಹತ್ತಿರ ಕತ್ತರಿಯಿಂದ ಕತ್ತರಿಸಿದ ಹಾಗೆ ತಲೆ ಚಪ್ಪಟೆ! ಆಂಪ್ ಒಳಗಿನ ಪವರ್ ಸಪ್ಲೈ ಅಷ್ಟೇ ಕೊಡಬಲ್ಲದು, ಅದಕ್ಕಿಂತ ಮೇಲೆ ಹೋಗಲು ಜಾಗವೇ ಇಲ್ಲ. ಇದನ್ನೇ ಕ್ಲಿಪ್ಪಿಂಗ್ ಅನ್ನುವುದು. ಚಪ್ಪಟೆಯಾದ ಅಲೆಯಲ್ಲಿ ಮೂಲ ಸಂಗೀತದಲ್ಲಿ ಇಲ್ಲದ ಮೇಲಿನ ಸ್ವರಗಳು ಹುಟ್ಟಿಕೊಳ್ಳುತ್ತವೆ. ಹಾಡುವವರ ದನಿಗೆ ಅಂಟುತ್ತಿದ್ದ ಒರಟು ಅಲ್ಲಿಂದ ಬರುತ್ತಿತ್ತು. (ನೀವೂ ಹೀಗೆ ನೋಡುವುದಾದರೆ ಒಂದು ಎಚ್ಚರ: ಬ್ರಿಡ್ಜ್ ಮಾಡಿದ, ಅಂದರೆ ಎರಡು ಆಂಪ್ ಸೇರಿ ಒಂದೇ ಸ್ಪೀಕರ್ ನಡೆಸುವ ಆಂಪ್‌ಗಳಲ್ಲಿ ಸ್ಪೀಕರ್‌ನ ಮೈನಸ್ ತುದಿ ಗ್ರೌಂಡ್ ಅಲ್ಲ. ಸ್ಕೋಪ್‌ನ ಗ್ರೌಂಡ್ ಕ್ಲಿಪ್ ಅಲ್ಲಿ ಹಾಕಿದರೆ ಆಂಪ್ ಸುಟ್ಟುಹೋಗಬಹುದು.)

ಈಗ ನನ್ನ ಹತ್ತಿರ ಇರುವುದು ಕ್ಲಾಸ್ ಎಬಿ ಟ್ರಾನ್ಸಿಸ್ಟರ್ ಪವರ್ ಆಂಪ್. 8 ಓಮ್‌ಗೆ ಚಾನೆಲ್‌ಗೆ (ಅಂದರೆ ಒಂದೊಂದು ಸ್ಪೀಕರ್‌ಗೆ) 300 ವಾಟ್, 4 ಓಮ್‌ಗೆ 500 ವಾಟ್. ಓಮ್ ಅಂದರೆ ಸ್ಪೀಕರ್ ಕರೆಂಟ್‌ಗೆ ಒಡ್ಡುವ ಅಡ್ಡಿಯ ಅಳತೆ. ಒಳಗೆ 1200 ವಿಎ ಟೊರಾಯ್ಡಲ್ (ಬಳೆಯಾಕಾರದ) ಟ್ರಾನ್ಸ್‌ಫಾರ್ಮರ್, 22,000 ಮೈಕ್ರೋಫ್ಯಾರಡ್‌ನ ನಾಲ್ಕು ಕೆಪಾಸಿಟರ್, ಎರಡೂ ಪಕ್ಕ ಉದ್ದನೆಯ ಹೀಟ್ ಸಿಂಕ್. ತೂಕ 38 ಕಿಲೋ. ಕಂಪನಿಯ ಹೆಸರು ಬೇಕಂತಲೇ ಹೇಳುತ್ತಿಲ್ಲ. ಮುಂದೆ ಒಂದು ರಿಪೇರಿ ಕತೆ ಬರುತ್ತದೆ, ಮತ್ತೆ ನಾನು ಹೇಳುವ ಬಹುಪಾಲು ಮಾತು ಈ ಬಗೆಯ ಯಾವ ಆಂಪ್‌ಗೂ ಹೊಂದುತ್ತದೆ.

'ಮನೆಯಲ್ಲಿ 300 ವಾಟ್ ಏನು ಮಾಡುತ್ತೀಯಾ, ಸುಮ್ನೆ ದುಡ್ಡು ದಂಡ' ಅಂದವರು ಬಹಳ ಜನ. ಅವರಿಗೆ ನಾನು ಈ ಲೆಕ್ಕ ಹೇಳುತ್ತೇನೆ. ನನ್ನ ಸ್ಪೀಕರ್‌ನ ಸೆನ್ಸಿಟಿವಿಟಿ 84 ಡೆಸಿಬೆಲ್. ಅಂದರೆ 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 84 ಡೆಸಿಬೆಲ್ ಸದ್ದು. ನಾನು ಕೂರುವುದು 3 ಮೀಟರ್ ದೂರ. ದೂರಕ್ಕೆ ಒಂದಿಷ್ಟು ಕಳೆದು, ಎರಡು ಸ್ಪೀಕರ್ ಇರುವುದಕ್ಕೆ ಒಂದಿಷ್ಟು ಕೂಡಿಸಿದರೆ ಕಿವಿಗೆ ಸುಮಾರು 81 ಸಿಗುತ್ತದೆ. ಮನೆಯಲ್ಲಿ ಮನಸ್ಸಿಟ್ಟು ಕೇಳುವುದಕ್ಕೆ ಅಷ್ಟು ಚೆನ್ನಾಗಿ ಸಾಕು. ಹಾಗಾದರೆ 1 ವಾಟ್ ಸಾಕಲ್ವಾ? ಸಾಕು, ಸಂಗೀತ ಒಂದೇ ಮಟ್ಟದಲ್ಲಿ ಹೋಗುವುದಾದರೆ.

ಹಾಗೆ ಹೋಗುವುದಿಲ್ಲ. ಸದ್ದಿನ ಏರಿಳಿತವನ್ನು ಒತ್ತಿ ಹಿಂಡದೆ ಮಾಡಿದ ಒಳ್ಳೆಯ ರೆಕಾರ್ಡಿಂಗ್‌ನಲ್ಲಿ ಸರಾಸರಿಗೂ ತುತ್ತತುದಿಗೂ 20 ಡೆಸಿಬೆಲ್ ಅಂತರ ಇರಬಹುದು. ಪ್ರತಿ 3 ಡೆಸಿಬೆಲ್‌ಗೆ ವಾಟ್ ಇಮ್ಮಡಿ. 10 ಡೆಸಿಬೆಲ್ ಅಂದರೆ 10 ಪಟ್ಟು. 20 ಅಂದರೆ 100 ಪಟ್ಟು. 1 ವಾಟ್‌ನಲ್ಲಿ ಹಾಡುತ್ತಿದ್ದ ಸ್ಪೀಕರ್, ಮೃದಂಗದ ಒಂದು ಪೆಟ್ಟು ಬಿದ್ದಾಗ, ಕಣ್ಣು ಮಿಟುಕಿಸುವಷ್ಟರಲ್ಲಿ, 100 ವಾಟ್ ಕೇಳುತ್ತದೆ. ವಾಲ್ಯೂಮ್ ಇನ್ನು 3 ಡೆಸಿಬೆಲ್ ಏರಿಸಿದರೆ 200 ವಾಟ್. ನನ್ನ 60 ವಾಟ್ ಆಂಪ್ ಸೋತಿದ್ದು ಇಲ್ಲೇ. ಹೊಸ ಆಂಪ್ ಬಂದ ಮೇಲೆ ಅದೇ ಗುಮ್ಕಿಯನ್ನು ಸ್ಕೋಪ್‌ನಲ್ಲಿ ನೋಡಿದೆ. ಅಲೆ 45 ವೋಲ್ಟ್ ತನಕ ಏರಿ, ದುಂಡಗೆ ತಿರುಗಿ ಇಳಿಯಿತು. ಎಲ್ಲೂ ಕತ್ತರಿಸಲಿಲ್ಲ.

ಇದು ಹೊಸ ಜ್ಞಾನವೇನಲ್ಲ. 1967ರ ಕ್ವಾಡ್ 303 ಆಂಪ್ ಚಾನೆಲ್‌ಗೆ 45 ವಾಟ್ ಕೊಡುತ್ತಿತ್ತು, ಆ ಕಾಲಕ್ಕೆ ಅದೇ ಬೇಕಾದಷ್ಟು. ಆದರೆ ಚಿಕ್ಕ ಮುಚ್ಚಿದ ಪೆಟ್ಟಿಗೆಯ ಸ್ಪೀಕರ್‌ಗಳು ಮನೆಗೆ ಬಂದಿದ್ದವು. ಚಿಕ್ಕ ಪೆಟ್ಟಿಗೆಯಿಂದ ಆಳದ ಬಾಸ್ ಬೇಕೆಂದರೆ ಸೆನ್ಸಿಟಿವಿಟಿ ಬಿಟ್ಟುಕೊಡಲೇಬೇಕು, ಆಗ ಅಷ್ಟೇ ಸದ್ದಿಗೆ ಹೆಚ್ಚು ವಾಟ್ ಬೇಕು. 1970ರ ದಶಕದ ಶುರುವಿನಲ್ಲಿ ಬಾಬ್ ಕಾರ್ವರ್ ರೂಪಿಸಿದ ಫೇಸ್ ಲೀನಿಯರ್ 700 ಚಾನೆಲ್‌ಗೆ 350 ವಾಟ್ ಕೊಟ್ಟಿತು. ಇವತ್ತು ನನ್ನ ಮನೆಯಲ್ಲಿ ಇರುವುದೂ ಅದೇ ಪ್ರಶ್ನೆಗೆ ಅದೇ ಉತ್ತರ.

ಇನ್ನು ಕೇಳಿದ ಅನುಭವ. ಮೊದಲು ಗಮನಕ್ಕೆ ಬಂದಿದ್ದು ಬಾಸ್ ಜಾಸ್ತಿಯಾಗಿದ್ದಲ್ಲ, ಬಾಸ್ ಬೇಗ ನಿಂತಿದ್ದು. ಡಬಲ್ ಬಾಸ್ ತಂತಿಯನ್ನು ಬೆರಳಲ್ಲಿ ಮೀಟಿದಾಗ ಮೊದಲು ಬೆರಳಿನ ಸದ್ದು, ಆಮೇಲೆ ತಂತಿ, ಆಮೇಲೆ ಮರದ ಒಡಲು, ಹೀಗೆ ಬಿಡಿ ಬಿಡಿಯಾಗಿ ಕೇಳಿಸುತ್ತದೆ. ಹಿಂದೆ ಮೂರೂ ಸೇರಿ ಒಂದೇ ಮುದ್ದೆಯಾಗಿತ್ತು. ಪಿಯಾನೋದ ಎಡಗೈ ಸ್ವರಗಳನ್ನು ಜೋರಾಗಿ ಒತ್ತಿದಾಗ ಹಳೆಯ ಆಂಪ್‌ನಲ್ಲಿ ಇಡೀ ಚಿತ್ರ ನಡುವಿಗೆ ಕುಗ್ಗಿದ ಹಾಗೆ ಆಗುತ್ತಿತ್ತು. ಈಗ ಪಿಯಾನೋ ತನ್ನ ಅಗಲದಲ್ಲೇ ಇರುತ್ತದೆ. ದೊಡ್ಡ ಆರ್ಕೆಸ್ಟ್ರಾ ಒಟ್ಟಿಗೆ ಎದ್ದಾಗ ಕೈ ತಾನಾಗಿ ರಿಮೋಟ್ ಕಡೆಗೆ ಹೋಗುತ್ತಿತ್ತು. ಆ ಅಭ್ಯಾಸ ಒಂದೆರಡು ತಿಂಗಳಲ್ಲಿ ಬಿಟ್ಟುಹೋಯಿತು. ನನಗೆ ಇದು ಎಲ್ಲಕ್ಕಿಂತ ದೊಡ್ಡ ಬದಲಾವಣೆ. ಕಿವಿಗೆ ದಣಿವು ಅಂದುಕೊಂಡಿದ್ದು ನಿಜಕ್ಕೂ ಆಂಪ್‌ನ ದಣಿವಾಗಿತ್ತು.

ತನಿ ಆವರ್ತನದ (ಕಛೇರಿಯಲ್ಲಿ ತಾಳವಾದ್ಯಗಳು ಮಾತ್ರ ನುಡಿಸುವ ಭಾಗ) ಬಗ್ಗೆ ಪ್ರತ್ಯೇಕ ಹೇಳಬೇಕು. ಮೃದಂಗ ಮತ್ತು ಘಟ ಒಟ್ಟಿಗೆ ಬರುವ ಕೊನೆಯ ಭಾಗದಲ್ಲಿ ಪೆಟ್ಟುಗಳು ಒಂದರ ಹಿಂದೆ ಒಂದು ಬೀಳುತ್ತವೆ. ಪ್ರತಿ ಪೆಟ್ಟಿಗೂ ದೊಡ್ಡ ಕರೆಂಟ್ ಬೇಕು, ಉಸಿರಾಡಲು ಬಿಡುವಿಲ್ಲ. ನನ್ನ ಸ್ಪೀಕರ್‌ನ ಇಂಪೀಡೆನ್ಸ್, ಅಂದರೆ ಆ ಓಮ್ ಅಂಕಿ, ಬಾಸ್ ಜಾಗದಲ್ಲಿ 3.2 ಓಮ್‌ಗೆ ಇಳಿಯುತ್ತದೆ. 8 ಓಮ್‌ಗೆ 300 ವಾಟ್ ಅಂದರೆ ಸುಮಾರು 6 ಆಂಪಿಯರ್. 4 ಓಮ್‌ಗೆ 500 ವಾಟ್ ಅಂದರೆ 11 ಆಂಪಿಯರ್. ಅದಕ್ಕೇ ಆಂಪ್ ಕೊಳ್ಳುವಾಗ 8 ಓಮ್ ಅಂಕಿಗಿಂತ 4 ಓಮ್ ಅಂಕಿಯನ್ನು ಮೊದಲು ನೋಡಿ ಅನ್ನುತ್ತೇನೆ. 8ರಿಂದ 4ಕ್ಕೆ ಇಳಿದಾಗ ವಾಟ್ ಇಮ್ಮಡಿಯ ಹತ್ತಿರ ಬಂದರೆ ಟ್ರಾನ್ಸ್‌ಫಾರ್ಮರ್ ಗಟ್ಟಿ ಇದೆ ಎಂದರ್ಥ. ಒಂದು ಚೂರೂ ಏರದಿದ್ದರೆ ಬಿಟ್ಟುಬಿಡಿ. ನನ್ನ ಆಂಪ್‌ನಲ್ಲಿ ಘಟದ ಒಣ 'ಟಣ್' ಮೃದಂಗದ ಕೆಳಗೆ ಹೂತುಹೋಗುವುದಿಲ್ಲ. ಎರಡೂ ತಮ್ಮ ತಮ್ಮ ಜಾಗದಲ್ಲಿ ಕೂತು ಮಾತಾಡುತ್ತವೆ.

ಡ್ಯಾಂಪಿಂಗ್ ಫ್ಯಾಕ್ಟರ್ (ಸ್ಪೀಕರ್‌ನ ಅಲುಗಾಟವನ್ನು ಆಂಪ್ ಎಷ್ಟು ಹಿಡಿದು ನಿಲ್ಲಿಸುತ್ತದೆ ಅನ್ನುವ ಅಂಕಿ) 400 ಅಂತ ಡಬ್ಬದ ಮೇಲೆ ದಪ್ಪಗೆ ಬರೆದಿದ್ದಾರೆ. ಅದಕ್ಕೆ ಮರುಳಾಗಬೇಡಿ. 0.1 ಓಮ್‌ನ ಸ್ಪೀಕರ್ ಕೇಬಲ್ ಹಾಕಿದರೆ ಆ 400 ಎನ್ನುವುದು ಸ್ಪೀಕರ್ ತಲುಪುವಾಗ 67ಕ್ಕೆ ಇಳಿದಿರುತ್ತದೆ. ಅಷ್ಟಾದರೂ ಸಾಕೇ ಸಾಕು. ದಪ್ಪ ತಾಮ್ರದ, ಗಿಡ್ಡ ಕೇಬಲ್ ಹಾಕಿಕೊಂಡು ಮುಂದೆ ಹೋಗಿ.

ಈಗ ಕೆಲವರಿಗೆ ಹಿಡಿಸದ ಮಾತು. ಎರಡನೆಯ ವರ್ಷ ಹಳೆಯ ಆಂಪ್, ಹೊಸ ಆಂಪ್ ಎರಡನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷೆ ಮಾಡಿದೆ. 100 ಹರ್ಟ್ಸ್ ಟೋನ್ ಹಾಕಿ, ಮಲ್ಟಿಮೀಟರ್‌ನಲ್ಲಿ ಎರಡರ ಔಟ್‌ಪುಟ್ ವೋಲ್ಟೇಜ್ ಒಂದೇ ಬರುವ ಹಾಗೆ ಹೊಂದಿಸಿದೆ. ಇದು ಮಾಡದೆ ಹೋಲಿಸಿದರೆ ಅರ್ಥವಿಲ್ಲ. ಅರ್ಧ ಡೆಸಿಬೆಲ್ ಜೋರಿದ್ದದ್ದೇ ಕಿವಿಗೆ ಚೆನ್ನ ಅನ್ನಿಸಿಬಿಡುತ್ತದೆ. ತಂಗಿ ಪರದೆಯ ಹಿಂದೆ ಕೂತು ಕೇಬಲ್ ಬದಲಿಸಿದಳು, ನಾನು ಊಹಿಸಿದೆ. ಮೆಲ್ಲಗೆ ಕೇಳುವ ಮಟ್ಟದಲ್ಲಿ 20ರಲ್ಲಿ 11 ಸರಿ. ಅಂದರೆ ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. ವಾಲ್ಯೂಮ್ ಏರಿಸಿ ತನಿ ಆವರ್ತನ ಹಾಕಿದಾಗ 20ರಲ್ಲಿ 19.

ಹಾಗಾಗಿ ನಾನು ಖಚಿತವಾಗಿ ಹೇಳುತ್ತೇನೆ: ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್‌ಗಳ ನಡುವೆ, ಎರಡೂ ತಮ್ಮ ಮಿತಿಯೊಳಗೆ ಇದ್ದಾಗ, ನನ್ನ ಕಿವಿಗೆ ವ್ಯತ್ಯಾಸ ಸಿಗಲಿಲ್ಲ. 'ಬೆಚ್ಚಗಿನ ದನಿ', 'ರೇಷ್ಮೆಯಂಥ ಮೇಲುಸ್ವರ' ಅಂತ ಬರೆಯಲು ನನಗೆ ಮನಸ್ಸು ಬರುವುದಿಲ್ಲ. ದೊಡ್ಡ ಆಂಪ್ ಕೊಡುವುದು ಬೇರೆ ದನಿಯನ್ನಲ್ಲ, ಜಾಗವನ್ನು. ನಿಮ್ಮ ಸ್ಪೀಕರ್ 92 ಡೆಸಿಬೆಲ್‌ದು, ಕೋಣೆ ಚಿಕ್ಕದು, ಕೇಳುವುದು ಮೆಲ್ಲಗೆ ಅಂತಾದರೆ ಇದು ಬೇಡವೇ ಬೇಡ. ಆ ಸ್ಪೀಕರ್‌ಗೆ 50 ವಾಟ್ ಕೊಟ್ಟರೆ, ನನ್ನ ಸ್ಪೀಕರ್‌ಗೆ 300 ಕೊಟ್ಟಷ್ಟೇ ಸದ್ದು ಬರುತ್ತದೆ.

ದಿನನಿತ್ಯದ ಕಿರಿಕಿರಿಗಳೂ ಇವೆ. 38 ಕಿಲೋವನ್ನು ಒಬ್ಬರೇ ಎತ್ತಲು ಹೋಗಬೇಡಿ, ಹೀಟ್ ಸಿಂಕ್ ಅಂಚುಗಳು ಬೆರಳು ಕೊಯ್ಯುತ್ತವೆ. ಸುಮ್ಮನೆ ಆನ್ ಇದ್ದರೂ 90 ವಾಟ್ ತಿನ್ನುತ್ತದೆ. ದಿನಕ್ಕೆ 4 ಗಂಟೆಯಂತೆ ತಿಂಗಳಿಗೆ ಹತ್ತಿರ ಹತ್ತಿರ 11 ಯೂನಿಟ್ ಕರೆಂಟ್. ಮುಚ್ಚಿದ ಕಪಾಟಿನಲ್ಲಿ ಇಡಲೇಬಾರದು. ನಾನು ಮೇಲೆ ಒಂದು ಗೇಣು ಜಾಗ ಬಿಟ್ಟಿದ್ದೇನೆ.

ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವ ತೊಂದರೆ ನನ್ನನ್ನು ಬಹಳ ಕಾಡಿತು. ಸ್ಪೀಕರ್‌ನಿಂದ ಅಲ್ಲ, ಡಬ್ಬದಿಂದಲೇ ಸದ್ದು. ದಿನಾ ಬೆಳಗ್ಗೆ ಹತ್ತು ನಿಮಿಷ ಬರುತ್ತಿತ್ತು, ಆಮೇಲೆ ತಾನಾಗಿ ನಿಲ್ಲುತ್ತಿತ್ತು. ಎಷ್ಟೋ ದಿನದ ಮೇಲೆ ಗೊತ್ತಾಯಿತು, ಅದು ಮನೆಯಲ್ಲಿ ಹೇರ್ ಡ್ರೈಯರ್ ಹಾಕುವ ಹೊತ್ತು. ಕೆಲವು ಹೇರ್ ಡ್ರೈಯರ್‌ಗಳು ಕಡಿಮೆ ಬಿಸಿಯಲ್ಲಿ ಡಯೋಡ್ ಬಳಸಿ ಅರ್ಧ ಅಲೆಯನ್ನು ಮಾತ್ರ ಎಳೆಯುತ್ತವೆ. ಆಗ ಲೈನ್‌ನಲ್ಲಿ ಒಂದು ಚೂರು ಡಿಸಿ (ಒಂದೇ ದಿಕ್ಕಿನ ಕರೆಂಟ್) ಸೇರಿಕೊಳ್ಳುತ್ತದೆ. ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್‌ಗೆ ಅಷ್ಟೇ ಸಾಕು, ಕೋರ್ ತುಂಬಿಹೋಗಿ ಗೊರಗುಡಲು ಶುರು. ಡಿಸಿ ಬ್ಲಾಕರ್ ಹಾಕಿದ ಮೇಲೆ ಪೂರ್ತಿ ನಿಂತಿತು. ಆಂಪ್ ಹಾಳಾಯಿತು ಅಂತ ವಾಪಸ್ ಕಳಿಸುವ ಮೊದಲು ಇದನ್ನು ನೋಡಿಕೊಳ್ಳಿ.

ಮೂರನೆಯ ವರ್ಷದ ಕೊನೆಗೆ ನಿಜವಾದ ದೋಷ ಬಂತು. ರಾತ್ರಿ ಮೆಲ್ಲಗೆ ತಂಬೂರಿ ಹಾಕಿಕೊಂಡಾಗ ಎಡ ಚಾನೆಲ್ ಮಂಕಾಗುತ್ತಿತ್ತು, ನಡುನಡುವೆ ಚರಚರ ಅನ್ನುತ್ತಿತ್ತು. ವಾಲ್ಯೂಮ್ ಏರಿಸಿದರೆ ಸರಿಹೋಗುತ್ತಿತ್ತು. ಇನ್‌ಪುಟ್ ಕೇಬಲ್ ಅದಲುಬದಲು ಮಾಡಿದರೂ ತೊಂದರೆ ಎಡಗಡೆಯಲ್ಲೇ ಉಳಿಯಿತು. ಸ್ಪೀಕರ್‌ಗಳನ್ನು ಆಂಪ್ ತುದಿಯಲ್ಲಿ ಅದಲುಬದಲು ಮಾಡಿದಾಗ ಬಲಗಡೆಗೆ ಹೋಯಿತು. ಅಲ್ಲಿಗೆ ಆಂಪ್‌ನ ಎಡ ಚಾನೆಲ್ಲೇ ಅಂತ ಖಾತ್ರಿ. ಸರ್ವೀಸ್ ಸೆಂಟರ್‌ನವರು ನೋಡದೆಯೇ ಇಡೀ ಬೋರ್ಡ್ ಬದಲಿಸಬೇಕು ಅಂದರು. ನನಗೆ ಬೇಜಾರಾಯಿತು, ಒಪ್ಪಲಿಲ್ಲ. ಆಸಿಲೋಸ್ಕೋಪ್ ಗೆಳೆಯನೇ ತೆರೆದು ನೋಡಿದ. ದೋಷ ಇದ್ದಿದ್ದು ಸ್ಪೀಕರ್ ಕಾಪಾಡುವ ರಿಲೇಯಲ್ಲಿ, ಅಂದರೆ ಕರೆಂಟ್‌ನಿಂದ ತಾನಾಗಿ ನಡೆಯುವ ಸ್ವಿಚ್‌ನಲ್ಲಿ. ಆನ್ ಮಾಡಿದ ಕೆಲವು ಸೆಕೆಂಡ್ ಮೇಲೆ 'ಟಕ್' ಅನ್ನುತ್ತದಲ್ಲ, ಅದೇ. ಅದರ ಕಾಂಟ್ಯಾಕ್ಟ್ ಮೇಲೆ ಕಪ್ಪು ಪೊರೆ ಕಟ್ಟಿತ್ತು. ಜೋರು ಸಿಗ್ನಲ್ ಆ ಪೊರೆಯನ್ನು ದಾಟಿಬಿಡುತ್ತದೆ, ಮೆಲು ಸಿಗ್ನಲ್ ದಾಟಲಾರದು. ಉಪ್ಪುಕಾಗದದಲ್ಲಿ ಉಜ್ಜೋಣವೇ ಅಂದೆ. 'ಬೇಡ, ಲೇಪ ಕಿತ್ತುಹೋಗಿ ಮತ್ತೆ ಬೇಗ ಕಪ್ಪಾಗುತ್ತದೆ' ಅಂದ. ಅದೇ 24 ವೋಲ್ಟ್‌ನ ಹೊಸ ರಿಲೇ ಹಾಕಿದ. ಬಲಗಡೆಯದನ್ನೂ ಜೊತೆಗೇ ಬದಲಿಸಿದೆವು.

ಕೆಲಸ ಗೊತ್ತಿಲ್ಲದವರು ದಯವಿಟ್ಟು ಮುಚ್ಚಳ ತೆಗೆಯಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ನನ್ನ ಆಂಪ್‌ನಲ್ಲಿ ಪ್ಲಸ್, ಮೈನಸ್ ಎರಡು ಕಡೆಯೂ 80 ವೋಲ್ಟ್, ಒಂದು ತುದಿಯಿಂದ ಇನ್ನೊಂದಕ್ಕೆ 160. ಗೆಳೆಯ ರೆಸಿಸ್ಟರ್ ಹಿಡಿದು ನಿಧಾನಕ್ಕೆ ಇಳಿಸಿ, ಮೀಟರ್‌ನಲ್ಲಿ ಸೊನ್ನೆ ನೋಡಿದ ಮೇಲೇ ಒಳಗೆ ಕೈ ಹಾಕಿದ್ದು. ಮುಚ್ಚುವ ಮೊದಲು ಔಟ್‌ಪುಟ್‌ನ ಡಿಸಿ ಅಳೆದ, ಅದು ಸೊನ್ನೆಯ ಹತ್ತಿರ ಇರಬೇಕು. ಎಡಕ್ಕೆ 8 ಮಿಲಿವೋಲ್ಟ್, ಬಲಕ್ಕೆ 11. ಎರಡೂ ಆರೋಗ್ಯ.

ಆ ರಾತ್ರಿ ಮತ್ತೆ ತಂಬೂರಿ ಹಾಕಿದೆ. ಒಂದೊಂದು ತಂತಿಯ ಜೀವಾಳ ಎದ್ದು ಅರಳಿ ಅಡಗುವುದು ಎರಡೂ ಕಡೆಯಿಂದ ಸಮನಾಗಿ ಬಂತು. ಆಮೇಲೆ ಗುಮ್ಕಿ ಇರುವ ಆ ಹಳೆಯ ರೆಕಾರ್ಡಿಂಗ್, ಬೇಕಾದ ವಾಲ್ಯೂಮ್‌ನಲ್ಲಿ. ಈಗ ಉಳಿದಿರುವುದು ಒಂದೇ: ನಾನು ಕೂರುವ ಜಾಗದಲ್ಲಿ 45 ಹರ್ಟ್ಸ್ ಹತ್ತಿರ ಒಂದು ಉಬ್ಬು. ಅದು ಕೋಣೆಯದು. ಎಷ್ಟು ವಾಟ್ ಹಾಕಿದರೂ ಹೋಗುವುದಿಲ್ಲ. ಸೋಫಾವನ್ನು ಗೋಡೆಯಿಂದ ಎರಡು ಅಡಿ ಮುಂದೆ ಎಳೆದಿದ್ದೇನೆ, ಅರ್ಧ ಕಡಿಮೆಯಾಗಿದೆ.