ಹಳೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಮಿಂಟ್ 22: ಕನ್ನಡ ಬರೆಯುವವರ ದೃಷ್ಟಿಯಿಂದ ಒಂದು ವಿಮರ್ಶೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯದ್ದೋ ಅದರ ನಂತರದ್ದೋ ಆಗಿರಬೇಕು. ಪರದೆ, ಕೀಲಿಮಣೆ ಎಲ್ಲವೂ ಸುಸ್ಥಿತಿಯಲ್ಲಿರುವ ಎಷ್ಟೋ ಲ್ಯಾಪ್‌ಟಾಪುಗಳು ಈ ಒಂದೇ ಕಾರಣಕ್ಕೆ ಮೂಲೆ ಸೇರುತ್ತಿರುವುದು ನಿಜಕ್ಕೂ ನೋವಿನ ಸಂಗತಿ. 4 ಜಿಬಿ ರ‍್ಯಾಮ್ ಇರುವ ಅಂಥದೊಂದು ಯಂತ್ರದಲ್ಲಿ, ವಿಂಡೋಸ್‌ನ ಬದಲಿಗೆ ಬಳಸಬಹುದಾದ ಕಾರ್ಯಾಚರಣ ವ್ಯವಸ್ಥೆಯಾದ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಹಾಕಿಕೊಂಡು ದಿನನಿತ್ಯದ ಬರವಣಿಗೆಗೆ ಬಳಸುತ್ತಿದ್ದೇನೆ.

2006ರಲ್ಲಿ ಆರಂಭವಾದ ಮಿಂಟ್ ಉಚಿತವಾಗಿ ದೊರೆಯುತ್ತದೆ. 22ನೆಯ ಸರಣಿ ಉಬುಂಟು 24.04 ಎಂಬ ಇನ್ನೊಂದು ಲಿನಕ್ಸ್ ವ್ಯವಸ್ಥೆಯ ಮೇಲೆ ನಿಂತಿದ್ದು, ಅದಕ್ಕೆ 2029ರವರೆಗೆ ಸುರಕ್ಷತಾ ಅಪ್‌ಡೇಟ್‌ಗಳು ಸಿಗುತ್ತವೆ. ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂಬ ಮೂರು ರೂಪಗಳಲ್ಲಿ ಕೊನೆಯದೇ ಹೆಚ್ಚು ಹಗುರ. ಕನಿಷ್ಠ 2 ಜಿಬಿ ರ‍್ಯಾಮ್ ಸಾಕೆಂದು ತಯಾರಕರು ಹೇಳುತ್ತಾರಾದರೂ ಇಂದಿನ ಬ್ರೌಸರುಗಳ ಹಸಿವನ್ನು ನೋಡಿದರೆ 4 ಜಿಬಿಗಿಂತ ಕಡಿಮೆ ಇರುವ ಯಂತ್ರಕ್ಕೆ ಇದನ್ನು ನಾನು ಶಿಫಾರಸು ಮಾಡಲಾರೆ.

ಇನ್‌ಸ್ಟಾಲ್ ಮಾಡಲು ಡೌನ್‌ಲೋಡ್ ಮಾಡಿಕೊಳ್ಳಬೇಕಾದ ಐಎಸ್‌ಒ ಫೈಲು 3 ಜಿಬಿಗೆ ಹತ್ತಿರವಿರುವುದರಿಂದ 8 ಜಿಬಿಯ ಪೆನ್‌ಡ್ರೈವ್ ಧಾರಾಳವಾಗಿ ಸಾಕು. ವಿಂಡೋಸ್‌ನಲ್ಲಿ ರೂಫಸ್ ಅಥವಾ ಬಲೀನಾ ಎಚರ್ ಎಂಬ ತಂತ್ರಾಂಶ ಬಳಸಿ ಪೆನ್‌ಡ್ರೈವನ್ನು ಬೂಟೆಬಲ್, ಅಂದರೆ ಯಂತ್ರ ಅದರಿಂದಲೇ ಆರಂಭವಾಗುವಂತೆ, ಮಾಡಿಕೊಳ್ಳಬಹುದು; ಪೆನ್‌ಡ್ರೈವ್‌ನಲ್ಲಿ ಮೊದಲೇ ಇದ್ದ ಫೋಟೊ, ಕಡತಗಳೆಲ್ಲ ಆಗ ಅಳಿಸಿಹೋಗುತ್ತವೆ. ಡೌನ್‌ಲೋಡ್ ಆದ ಫೈಲಿನ ಎಸ್‌ಎಚ್‌ಎ256 ಮೊತ್ತವನ್ನು (ಫೈಲು ಸರಿಯಾಗಿದೆಯೇ ಎಂದು ತಿಳಿಸುವ ಸಂಕೇತ) ಮಿಂಟ್ ಜಾಲತಾಣದಲ್ಲಿರುವುದರೊಂದಿಗೆ ತಾಳೆ ನೋಡುವುದನ್ನು ಬಹುಪಾಲು ಜನ ಬಿಟ್ಟುಬಿಡುತ್ತಾರೆ, ಆದರೆ ಅರ್ಧಕ್ಕೆ ಕೆಟ್ಟ ಡೌನ್‌ಲೋಡ್ ಇನ್‌ಸ್ಟಾಲ್ ನಡುವೆ ಕೈಕೊಡುವುದನ್ನು ತಪ್ಪಿಸಲು ಅದಕ್ಕಿಂತ ಸುಲಭದ ದಾರಿಯಿಲ್ಲ. ಯಂತ್ರ ಆನ್ ಆಗುವಾಗ ಒತ್ತಬೇಕಾದ ಕೀಲಿ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಎಫ್12, ಎಫ್9, ಎಸ್ಕೇಪ್ ಇವುಗಳಲ್ಲಿ ಒಂದು ಸಾಮಾನ್ಯವಾಗಿ ಬೂಟ್ ಮೆನುವನ್ನು ತೆರೆಯುತ್ತದೆ; ಅಲ್ಲಿ ಪೆನ್‌ಡ್ರೈವನ್ನು ಆರಿಸಬೇಕು.

ಈ ವ್ಯವಸ್ಥೆಯಲ್ಲಿ ನಾನು ಅತ್ಯಂತ ಮೆಚ್ಚಿದ್ದು ಇದರ ಮುಂದಿನ ಹಂತವನ್ನು. ಪೆನ್‌ಡ್ರೈವ್‌ನಿಂದ ಬೂಟ್ ಆದ ಮಿಂಟ್, ನಾವು ಇನ್‌ಸ್ಟಾಲ್ ಗುಂಡಿಯನ್ನು ಒತ್ತುವವರೆಗೂ ಹಾರ್ಡ್ ಡಿಸ್ಕಿನಲ್ಲಿರುವುದನ್ನು ತಾನಾಗಿ ಬದಲಿಸದೆ, ಪೂರ್ಣ ಡೆಸ್ಕ್‌ಟಾಪನ್ನು ನಮ್ಮ ಮುಂದೆ ತೆರೆದಿಡುತ್ತದೆ. ವೈಫೈ ಹಿಡಿಯುತ್ತದೆಯೇ, ಸ್ಪೀಕರ್ ಕೇಳಿಸುತ್ತದೆಯೇ, ವೆಬ್‌ಕ್ಯಾಮ್ ಕಾಣಿಸುತ್ತದೆಯೇ, ಮನೆಯ ಪ್ರಿಂಟರ್ ಮಾತು ಕೇಳುತ್ತದೆಯೇ ಎಂಬುದನ್ನೆಲ್ಲ ಹಳೆಯ ವ್ಯವಸ್ಥೆಯನ್ನು ಕಳೆದುಕೊಳ್ಳುವ ಭಯವಿಲ್ಲದೆ ಪರೀಕ್ಷಿಸಬಹುದು. ಕೆಲವು ಬ್ರಾಡ್‌ಕಾಮ್ ವೈಫೈ ಚಿಪ್‌ಗಳಿಗೆ ಡ್ರೈವರ್ ಮ್ಯಾನೇಜರ್ ಮೂಲಕ ಪ್ರತ್ಯೇಕ ಡ್ರೈವರ್ ಹಾಕಬೇಕಾಗುತ್ತದೆಯಾದ್ದರಿಂದ ಈ ಪರೀಕ್ಷೆಗೆ ಒಂದು ಸಂಜೆಯನ್ನೇ ಮೀಸಲಿಡುವುದು ಒಳ್ಳೆಯದು. ಪೆನ್‌ಡ್ರೈವ್‌ನಿಂದ ಓಡುವಾಗ ವೇಗ ಸ್ವಲ್ಪ ಕಡಿಮೆಯೇ ಇರುತ್ತದೆ. ಅದನ್ನು ನೋಡಿ ತೀರ್ಮಾನಕ್ಕೆ ಬರಬಾರದು.

ಇನ್‌ಸ್ಟಾಲ್ ಮಾಡುವುದು ಸರಳ. ವಿಂಡೋಸನ್ನೂ ಉಳಿಸಿಕೊಳ್ಳುವವರು ಮಾತ್ರ ಮೊದಲು ಅದರ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ನಿಲ್ಲಿಸಿ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀಯನ್ನು ಬರೆದಿಟ್ಟುಕೊಂಡು, ಮುಖ್ಯ ಕಡತಗಳ ಪ್ರತಿಯನ್ನು ಬೇರೊಂದು ಡ್ರೈವ್‌ನಲ್ಲಿ ಇರಿಸಿದ ಮೇಲೆಯೇ ಪಾರ್ಟಿಷನ್‌ಗೆ (ಡಿಸ್ಕನ್ನು ಭಾಗ ಮಾಡುವುದಕ್ಕೆ) ಕೈಹಾಕಬೇಕು. ಇನ್‌ಸ್ಟಾಲ್ ಮುಗಿದ ಕೂಡಲೇ ಮಿಂಟ್‌ನಲ್ಲೇ ಇರುವ ಟೈಮ್‌ಶಿಫ್ಟ್ ತಂತ್ರಾಂಶದಲ್ಲಿ ವ್ಯವಸ್ಥೆಯ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ, ಮುಂದೆ ಯಾವುದೋ ಅಪ್‌ಡೇಟ್ ತೊಂದರೆ ಕೊಟ್ಟರೂ ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ತರಬಹುದು.

ಕನ್ನಡದ ಮಟ್ಟಿಗೆ ಹೇಳುವುದಾದರೆ, ಭಾರತೀಯ ಭಾಷೆಗಳಲ್ಲಿ ಟೈಪ್ ಮಾಡಲು ನೆರವಾಗುವ ಐಬಸ್ ತಂತ್ರಾಂಶ ಮತ್ತು ಅದರ ಎಂ17ಎನ್ ಪ್ಯಾಕೇಜನ್ನು ಸೇರಿಸಿಕೊಂಡರೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸದ ಜೊತೆಗೆ ಕೆಜಿಪಿ (ಕನ್ನಡ ಗಣಕ ಪರಿಷತ್ತು) ವಿನ್ಯಾಸವೂ ಸಿಗುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಕನ್ನಡಿಗರ ಬೆರಳುಗಳಿಗೆ ಒಗ್ಗಿಹೋಗಿರುವ ವಿನ್ಯಾಸವೇ ಇದಾದ್ದರಿಂದ ಬೆರಳಚ್ಚನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳನ್ನೂ ಸಾಫ್ಟ್‌ವೇರ್ ಮ್ಯಾನೇಜರ್‌ನಿಂದಲೇ ಪಡೆಯಬಹುದು. ಲಿಬ್ರೆಆಫೀಸ್‌ನಲ್ಲಿ ಒತ್ತಕ್ಷರಗಳು ಅಚ್ಚುಕಟ್ಟಾಗಿ ಮೂಡುತ್ತವೆ. ಕನ್ನಡ ಟೈಪ್ ಮಾಡುವ ಈ ಸೌಲಭ್ಯವನ್ನು ಮೆನುವಿನಲ್ಲಿ ಎದ್ದು ಕಾಣುವಂತೆ ಇಡದಿರುವುದು ಮಿಂಟ್‌ನ ದೊಡ್ಡ ಕೊರತೆ. ಮೆನುಗಳ ಕನ್ನಡ ಅನುವಾದವೂ ಪೂರ್ಣವಾಗಿಲ್ಲ, ಕನ್ನಡದ ನಡುನಡುವೆ ಇಂಗ್ಲಿಷ್ ಸಾಲುಗಳು ಇಣುಕುತ್ತವೆ.

ಯೂನಿಕೋಡ್‌ಗೆ ಮೊದಲಿನ ಆಸ್ಕಿ ಸಂಕೇತದಲ್ಲಿ ನುಡಿಯಲ್ಲಿ ಬರೆದ ಹಳೆಯ ಕಡತಗಳು ರಾಶಿಯಿರುವವರು ಅವನ್ನು ವಿಂಡೋಸ್‌ನಲ್ಲಿರುವಾಗಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿಗಳಿಗೆ, ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುವ ಮುದ್ರಣಾಲಯಗಳಿಗೆ ಮಿಂಟ್ ಒಂದೇ ಸಾಲದು. ಅಂಥವರು ವಿಂಡೋಸ್, ಮಿಂಟ್ ಎರಡನ್ನೂ ಇಟ್ಟುಕೊಂಡು, ಆನ್ ಮಾಡುವಾಗ ಬೇಕಾದ್ದನ್ನು ಆರಿಸುವಂತೆ ಡ್ಯುಯಲ್ ಬೂಟ್ ಮಾಡಿಕೊಂಡರೆ ಇಂಟರ್ನೆಟ್ ಬೇಕಾದ ಕೆಲಸಗಳನ್ನೆಲ್ಲ ಮಿಂಟ್‌ನಲ್ಲಿ ಮಾಡಿ, ವಿಂಡೋಸನ್ನು ಆ ಒಂದು ತಂತ್ರಾಂಶಕ್ಕೆ ಮಾತ್ರ ತೆರೆಯಬಹುದು.