ರೋಡ್ ಬೈಕ್ ಕೊಳ್ಳುವ ಮುಂಚೆ ಓದಿ: ತಪ್ಪು ಸೈಜ್ ಕೊಟ್ಟು, ಬದಲಾಯಿಸುವ ಗಡುವು ಮುಗಿಯುವ ತನಕ ಕಾಯಿಸಿದರು

ಸ್ವಲ್ಪ ಉದ್ದ ಬರಹ ಇದು. ರೋಡ್ ಬೈಕ್ ಅಂದರೆ ನಾನು ಹೇಳುತ್ತಿರುವುದು ಬಾಗಿದ ಹ್ಯಾಂಡಲ್, ತೆಳು ಟಯರ್ ಇರುವ ಸೈಕಲ್. ಅಂಥದ್ದನ್ನು ಮೊದಲ ಸಲ ಕೊಳ್ಳಲು ಹೊರಟಿದ್ದರೆ ಅಡ್ವಾನ್ಸ್ ಕೊಡುವ ಮುಂಚೆ ಹತ್ತು ನಿಮಿಷ ಕೂತು ಇದನ್ನು ಓದಿ. ನಾನೂ ಎರಡು ವರ್ಷ ಹಣ ಕೂಡಿಟ್ಟು ಅಂಥದ್ದೇ ಒಂದು ಸೈಕಲ್ ಕೊಂಡೆ. ಎಂಟು ತಿಂಗಳಲ್ಲಿ ಅದರಿಂದ ಸಿಕ್ಕಿದ್ದು ಮರಗಟ್ಟಿದ ಬೆರಳು, ಮಂಡಿ ನೋವು, ಅಂಗಡಿಗೆ ಅಲೆದಾಟ. ಅಂಗಡಿ ಯಾವುದು ಅಂತ ಹೇಳುವುದಿಲ್ಲ. ಅವರು ಮಾಡಿದ್ದು ಏನು ಅನ್ನುವುದಷ್ಟೇ ಹೇಳುತ್ತೇನೆ, ಯಾಕೆಂದರೆ ಇದು ಯಾವ ಅಂಗಡಿಯಲ್ಲಾದರೂ ಆಗಬಹುದು.

ಮೊದಲ ದಿನ ತುಂಬಾ ಚೆನ್ನಾಗಿ ಮಾತಾಡಿಸಿದರು. ಕೂರಿಸಿದರು, ಒಂದೊಂದೇ ಸೈಕಲ್ ತೆಗೆದು ತೋರಿಸಿದರು. "ನಿಮ್ಮ ಎತ್ತರ ಎಷ್ಟು ಸರ್?" ಅಂತ ಕೇಳಿದರು. 172 ಸೆಂ.ಮೀ. ಅಂದೆ. "ಹಾಗಾದ್ರೆ 56 ಕರೆಕ್ಟಾಗಿ ಕೂರುತ್ತೆ" ಅಂತ ಎದುರಿಗೇ ಇದ್ದ ಸೈಕಲ್ ಈಚೆಗೆ ಎಳೆದರು. 56 ಅನ್ನುವುದು ಫ್ರೇಮಿನ, ಅಂದರೆ ಸೈಕಲ್ ಚೌಕಟ್ಟಿನ ಸೈಜ್; ಅಂಕಿ ದೊಡ್ಡದಾದಷ್ಟೂ ಸೈಕಲ್ ದೊಡ್ಡದು. ಅಳತೆ ಅಂತ ಆಗಿದ್ದು ಅಷ್ಟೇ. ಟೇಪ್ ತರಲಿಲ್ಲ, ಕಾಲಿನ ಅಳತೆ ಕೇಳಲಿಲ್ಲ, ಕಂಪನಿಯ ಸೈಜ್ ಚಾರ್ಟ್ ತೆಗೆಯಲಿಲ್ಲ. ನನಗೂ ಆಗ ಏನೂ ಗೊತ್ತಿರಲಿಲ್ಲ. ಒಂದು ಸುತ್ತು ಓಡಿಸಿ ನೋಡಲಾ ಅಂದೆ. ಹೊಸ ಮಾಲು, ಟಯರ್ ಕೊಳೆಯಾಗುತ್ತದೆ, ಹಣ ಕಟ್ಟಿದ ಮೇಲೆ ಎಷ್ಟು ಬೇಕಾದರೂ ಓಡಿಸಿ ಅಂದರು. ಅವರೇ ಸೈಕಲ್ ಹಿಡಿದುಕೊಂಡರು, ನಾನು ಹತ್ತಿ ಕೂತೆ, ಕೈ ಚಾಚಿದೆ. ದೂರ ಅನಿಸಿತು. ಹೇಳಿದೆ ಕೂಡ. "ರೋಡ್ ಬೈಕ್ ಅಂದ್ರೆ ಹಾಗೇ ಸರ್, ಬಗ್ಗಿ ಓಡಿಸಬೇಕು" ಅಂದರು.

54 ಇದೆಯಾ ಅಂತ ನಾನು ಕೇಳಿದ್ದೆ. ಇದು ನನಗೆ ಚೆನ್ನಾಗಿ ನೆನಪಿದೆ. ಈ ವರ್ಷ ಈ ಮಾಡೆಲ್‌ನಲ್ಲಿ 54 ಬರುತ್ತಿಲ್ಲ, ಇರುವುದು ಇದೊಂದೇ, ಸಾಯಂಕಾಲ ಇನ್ನೊಬ್ಬರು ನೋಡಲು ಬರುತ್ತಿದ್ದಾರೆ ಅಂದರು. ನಾನು ಅಲ್ಲೇ ಹಣ ಕಟ್ಟಿದೆ. ಆಮೇಲೆ ಕಂಪನಿಯ ವೆಬ್‌ಸೈಟ್ ನೋಡಿದರೆ 54 ಇದೆ, 52 ಕೂಡ ಇದೆ. ಇರಲಿಲ್ಲ ಅಂದಿದ್ದು ಅವರ ಗೋಡೌನಿನಲ್ಲಿ ಮಾತ್ರ. ಅವರ ಬಳಿ ಉಳಿದಿದ್ದ ಸೈಜ್ ನನ್ನ ಸೈಜ್ ಆಗಿಬಿಟ್ಟಿತು.

ಮೊದಲ ವಾರವೇ ಕೈಯ ತೊಂದರೆ ಶುರುವಾಯಿತು. ಅರ್ಧ ಗಂಟೆ ಓಡಿಸಿದರೆ ಕಿರುಬೆರಳು, ಅದರ ಪಕ್ಕದ ಬೆರಳು ಮರಗಟ್ಟುತ್ತಿದ್ದವು. ಹ್ಯಾಂಡಲ್ ದೂರ ಇದ್ದರೆ ಮೈಯ ಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ, ಕಿರುಬೆರಳಿಗೆ ಹೋಗುವ ನರ ಅಂಗೈಯ ಬುಡದಲ್ಲಿ ಒತ್ತುತ್ತದೆ, ಅದಕ್ಕೇ ಹೀಗೆ. ಕತ್ತಿನ ಹಿಂದೆಯೂ ಹಿಡಿದುಕೊಳ್ಳುತ್ತಿತ್ತು. ಒಂಬತ್ತನೇ ದಿನ ಅಂಗಡಿಗೆ ಹೋಗಿ ಹೇಳಿದೆ. "ಹೊಸದರಲ್ಲಿ ಎಲ್ಲರಿಗೂ ಹಾಗೇ ಸರ್. ಒಂದು ತಿಂಗಳು ಓಡಿಸಿ, ಮೈ ಒಗ್ಗುತ್ತೆ" ಅಂದರು. ನನಗೂ ಸರಿ ಅನಿಸಿತು. ಯಾವುದೇ ಹೊಸ ಕೆಲಸಕ್ಕೆ ಮೈ ಒಗ್ಗಲು ಸಮಯ ಬೇಕು, ಅಲ್ವಾ?

ಒಂದು ತಿಂಗಳು ಓಡಿಸಿದೆ. ಒಗ್ಗಲಿಲ್ಲ. ಮತ್ತೆ ಹೋಗಿ, ಇದು ನನ್ನ ಸೈಜ್ ಅಲ್ಲ ಅನಿಸುತ್ತಿದೆ, ಬದಲಾಯಿಸಿ ಕೊಡಿ ಅಂದೆ. ಅವರು ಬಿಲ್ ತಿರುಗಿಸಿದರು. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು, ಬದಲಾವಣೆ ಏನಿದ್ದರೂ 14 ದಿನದೊಳಗೆ.

ಇಲ್ಲಿ ಸ್ವಲ್ಪ ನಿಧಾನಿಸಿ ಓದಿ, ನಾನು ಇಷ್ಟೆಲ್ಲ ಬರೆಯುತ್ತಿರುವುದೇ ಇದಕ್ಕೆ. ಒಂಬತ್ತನೇ ದಿನ ನಾನು ಅಂಗಡಿಯಲ್ಲೇ ಇದ್ದೆ. ಇನ್ನೂ ಐದು ದಿನ ಇತ್ತು. ಆ ದಿನ ಅವರು ಗಡುವಿನ ಮಾತೇ ಎತ್ತಲಿಲ್ಲ, ಒಂದು ತಿಂಗಳು ಕಾಯಿರಿ ಅಂದರು. ನಾನು ಬಂದಿದ್ದಕ್ಕೆ, ದೂರು ಕೊಟ್ಟಿದ್ದಕ್ಕೆ ಎಲ್ಲೂ ಬರಹ ಇಲ್ಲ. ಮ್ಯಾನೇಜರ್ ಹತ್ತಿರ ಹೋಗಿ ಕೇಳಿದರೆ, "ನೀವು ಬಂದಿದ್ದರ ಬಗ್ಗೆ ನಮ್ಮ ಸಿಸ್ಟಮ್‌ನಲ್ಲಿ ಏನೂ ಇಲ್ಲವಲ್ಲ" ಅಂದರು. ನನಗೆ ಸೈಕಲ್ ಮಾರಿದವರು ಅಲ್ಲೇ ನಿಂತಿದ್ದರು. ಒಂದು ಮಾತು ಆಡಲಿಲ್ಲ. ಅವತ್ತು ಮನೆಗೆ ಬರುವಾಗ ಆದ ಬೇಜಾರು ಹಣ ಹೋಗಿದ್ದಕ್ಕಿಂತ ಜಾಸ್ತಿ ಇತ್ತು.

ಬದಲಾಯಿಸುವ ಬದಲು ಅವರು ಮಾಡಿದ್ದು ರಿಪೇರಿಯಂಥ ಒಂದು ಕೆಲಸ. ಹ್ಯಾಂಡಲ್ ಹಿಡಿದುಕೊಂಡಿರುವ ಸ್ಟೆಮ್ 110 ಮಿ.ಮೀ. ಇತ್ತು, ಅದನ್ನು ತೆಗೆದು 80 ಹಾಕಿದರು. ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿದರು. ಕೈಗೇನೋ ಸ್ವಲ್ಪ ಆರಾಮ ಆಯಿತು. ಆದರೆ ಸೀಟು ಹಿಂದೆ ಮುಂದೆ ಮಾಡುವುದು ಕಾಲು ಪೆಡಲಿನ ಮೇಲೆ ಸರಿಯಾಗಿ ಬರಲಿ ಅಂತ, ಹ್ಯಾಂಡಲ್ ಹತ್ತಿರ ಮಾಡಿಕೊಳ್ಳಲು ಅಲ್ಲ. ಮುಂದಕ್ಕೆ ತಳ್ಳಿದ ಮೇಲೆ ನನಗೆ ಮಂಡಿಯ ಮುಂಭಾಗ ನೋಯಲು ಶುರುವಾಯಿತು. ಸ್ಟೆಮ್ ಅಷ್ಟು ಗಿಡ್ಡ ಆಗಿದ್ದರಿಂದ ಇಳಿಜಾರಿನಲ್ಲಿ ಹ್ಯಾಂಡಲ್ ಸ್ವಲ್ಪ ಅಲುಗಿದರೂ ಸೈಕಲ್ ಆ ಕಡೆ ಈ ಕಡೆ ಎಳೆಯುತ್ತಿತ್ತು. ಸಾಲದು ಅಂತ, ಬ್ರೇಕ್ ಹಿಡಿದಾಗ ಮುಂದೆ ಟಕ್ ಅನ್ನುವ ಸದ್ದು. ಸ್ಟೆಮ್ ಬಿಚ್ಚಿ ಹಾಕಿದಾಗ ಮೊದಲು ಮೇಲಿನ ಮುಚ್ಚಳದ ಬೋಲ್ಟ್ ಬಿಗಿದು ಸಡಿಲದ ಆಟ ಹೋಗುವಂತೆ ಮಾಡಿ, ಆಮೇಲೆ ಪಕ್ಕದ ಬೋಲ್ಟ್ ಬಿಗಿಯಬೇಕು. ಅವಸರದಲ್ಲಿ ಅದನ್ನೂ ಸರಿಯಾಗಿ ಮಾಡಿರಲಿಲ್ಲ. ನೀವೇ ನೋಡಿಕೊಳ್ಳಬಹುದು: ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು ಸೈಕಲ್ ಹಿಂದೆ ಮುಂದೆ ಅಲ್ಲಾಡಿಸಿ, ಇನ್ನೊಂದು ಕೈಯನ್ನು ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಕವಲು) ಮತ್ತು ಫ್ರೇಮ್ ಸೇರುವ ಜಾಗದಲ್ಲಿಡಿ. ಆಟ ಇದ್ದರೆ ಬೆರಳಿಗೆ ಗೊತ್ತಾಗುತ್ತದೆ.

ಇನ್ನು ಗೇರಿನ ವಿಷಯ. "ಪೂರ್ತಿ ಶಿಮಾನೊ 105" ಅಂತ ಹೇಳಿ ಮಾರಿದ್ದರು. 105 ಅಂದರೆ ಶಿಮಾನೊ ಕಂಪನಿಯ ಗೇರ್, ಬ್ರೇಕ್ ಭಾಗಗಳ ಒಂದು ಸೆಟ್. ಮನೆಗೆ ತಂದು ನೋಡಿದರೆ 105 ಇದ್ದದ್ದು ಬ್ರೇಕ್ ಲಿವರ್ ಮತ್ತು ಹಿಂದಿನ ಡೀರೇಲರ್ (ಗೇರ್ ಬದಲಾಗುವಾಗ ಚೈನನ್ನು ಸರಿಸುವ ಭಾಗ) ಮಾತ್ರ, ಕ್ರ್ಯಾಂಕ್ (ಪೆಡಲ್ ಕೂರುವ ತೋಳು), ಚೈನು, ಬ್ರೇಕು ಎಲ್ಲ ಬೇರೆ. ಸೈಕಲ್ ಕಂಪನಿಗಳು ಹೀಗೆ ಬೆರೆಸಿ ಹಾಕುವುದು ಮಾಮೂಲು, ಅದರಲ್ಲಿ ಮೋಸ ಇಲ್ಲ. ಪೂರ್ತಿ ಅಂತ ಹೇಳಿದ್ದು ಸುಳ್ಳು. ಪೆಡಲ್ ಬೇರೆ ಕೊಳ್ಳಬೇಕು ಅನ್ನುವುದನ್ನೂ ಡೆಲಿವರಿ ದಿನವೇ ಹೇಳಿದರು. ರೋಡ್ ಬೈಕ್ ಪೆಡಲ್ ಇಲ್ಲದೆ ಬರುವುದು ಸಾಮಾನ್ಯವಂತೆ, ಆದರೆ ಮೊದಲ ಸಲ ಕೊಳ್ಳುವವರಿಗೆ ಅದು ಹೇಗೆ ಗೊತ್ತಾಗಬೇಕು?

ಮೂರನೇ ತಿಂಗಳು ಇದಕ್ಕಿಂತ ದೊಡ್ಡದಾಯಿತು. ಉಚಿತ ಸರ್ವಿಸ್‌ಗೆ ಬಿಟ್ಟಾಗ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಚೈನು ಹೋದಾಗ ಕರಕರ ಅನ್ನುತ್ತದೆ, ನೋಡಿ ಅಂತ ಬಾಯಲ್ಲಿ ಹೇಳಿದ್ದೆ. ಸಂಜೆ ಒರೆಸಿ, ಎಣ್ಣೆ ಹಾಕಿ ಕೊಟ್ಟರು, "ಎಲ್ಲ ಚೆಕ್ ಮಾಡಿದ್ದೀವಿ" ಅಂದರು. ಮೂರು ವಾರ ಕಳೆದು ಒಂದು ಏರಿನಲ್ಲಿ ಎಲ್ಲಕ್ಕಿಂತ ಹಗುರದ ಗೇರಿಗೆ ಹಾಕಿದೆ. ಚೈನು ದೊಡ್ಡ ಹಲ್ಲುಚಕ್ರ ದಾಟಿ ಚಕ್ರದ ಕಡ್ಡಿಗಳ ಮೇಲೆ ಬಿತ್ತು, ಡೀರೇಲರ್ ಚಕ್ರದೊಳಗೆ ಸಿಕ್ಕಿಕೊಂಡು ಮುರಿಯಿತು, ನಾಲ್ಕು ಕಡ್ಡಿ ಹೋದವು. ಏರಿನಲ್ಲಿ ವೇಗ ಇರಲಿಲ್ಲ, ಬೀಳದೆ ಕಾಲು ಊರಿದೆ. ಜೋರಾಗಿ ಹೋಗುತ್ತಿದ್ದಾಗ ಹಿಂದಿನ ಚಕ್ರ ಹೀಗೆ ಕಚ್ಚಿಕೊಂಡಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಭಯ ಆಗುತ್ತದೆ.

ಇದಕ್ಕೆ ಕಾರಣ ಏನೂ ಗುಟ್ಟಲ್ಲ. ಡೀರೇಲರ್ ಫ್ರೇಮಿಗೆ ಅಂಟಿಕೊಳ್ಳುವ ಜಾಗದಲ್ಲಿ ಹ್ಯಾಂಗರ್ ಅಂತ ಸಣ್ಣ ಲೋಹದ ತುಂಡು ಇರುತ್ತದೆ. ಸೈಕಲ್ ಬಿದ್ದರೆ ಫ್ರೇಮ್ ಹಾಳಾಗುವ ಬದಲು ಅದು ಬಾಗಲಿ ಅಂತಲೇ ಅದನ್ನು ಮೆದುವಾಗಿ ಮಾಡಿರುತ್ತಾರೆ. ಡಬ್ಬಿಯಲ್ಲಿ ಸಾಗಿಸುವಾಗ ಏಟು ಬಿದ್ದರೂ ಬಾಗಬಹುದು. ಒಳಕ್ಕೆ ಬಾಗಿದ್ದರೆ ಡೀರೇಲರ್ ಕಡ್ಡಿಗಳ ಹತ್ತಿರ ಹೋಗುತ್ತದೆ. ಅದು ಎಲ್ಲಿಗೆ ನಿಲ್ಲಬೇಕು ಅಂತ ತಡೆಯುವ ಎರಡು ಸಣ್ಣ ಸ್ಕ್ರೂ ಇರುತ್ತವೆ, ಹೆಚ್ಚಾಗಿ ಎಚ್ ಮತ್ತು ಎಲ್ ಅಂತ ಗುರುತು. ದೊಡ್ಡ ಹಲ್ಲುಚಕ್ರದ ಕಡೆಯ ತಡೆ ಎಲ್. ಹ್ಯಾಂಗರ್ ನೇರ ಮಾಡಿ ಆ ಸ್ಕ್ರೂ ನೋಡುವುದು ಮೆಕ್ಯಾನಿಕ್‌ಗೆ ದೊಡ್ಡ ಕೆಲಸವೇನಲ್ಲ. ನಾನು ಸದ್ದಿನ ಬಗ್ಗೆ ಹೇಳಿದ ದಿನ ಅದನ್ನು ಮಾಡಿದ್ದರೆ ಸಾಕಿತ್ತು.

ಅಂಗಡಿಯವರು ನೋಡಿದ ತಕ್ಷಣ "ನೀವು ಬೀಳಿಸಿದ್ದೀರಿ, ವಾರಂಟಿ ಬರಲ್ಲ" ಅಂದರು. ಬಿದ್ದ ಸೈಕಲ್‌ಗೆ ಲಿವರ್‌ನ ರಬ್ಬರ್, ಹ್ಯಾಂಡಲ್ ತುದಿ, ಪೆಡಲ್ ತುದಿ, ಸೀಟಿನ ಅಂಚು ಇಲ್ಲೆಲ್ಲ ತರಚು ಇರಬೇಕು. ನನ್ನ ಸೈಕಲ್‌ನಲ್ಲಿ ಒಂದೂ ಇರಲಿಲ್ಲ, ಒಂದೊಂದನ್ನೇ ತೋರಿಸಿದೆ. ಸರ್ವಿಸ್ ದಿನ ಸದ್ದಿನ ವಿಷಯ ಹೇಳಿದ್ದೆ ಅಂದೆ. ಜಾಬ್ ಕಾರ್ಡ್ ತೆಗೆದರು, ಅದರಲ್ಲಿ "ಜನರಲ್ ಸರ್ವಿಸ್" ಅಂತ ಎರಡೇ ಪದ. ಮತ್ತೆ ಅದೇ ಕಥೆ. ಬಾಯಲ್ಲಿ ಹೇಳಿದ್ದು ಅವರ ಪಾಲಿಗೆ ಹೇಳಿದ್ದೇ ಅಲ್ಲ.

ಆಮೇಲೆ ಫೋನ್ ಎತ್ತುವುದೂ ನಿಂತಿತು. ಕೊಳ್ಳುವ ಮುಂಚೆ ದಿನಕ್ಕೆ ಮೂರು ಮೆಸೇಜ್ ಹಾಕುತ್ತಿದ್ದವರು ಅವರೇ. ಒಂದು ದಿನ ಮನೆಯವರ ಫೋನಿನಿಂದ ಮಾಡಿದೆ, ಎರಡನೇ ರಿಂಗ್‌ಗೇ ಎತ್ತಿ "ಯಾವ ಸೈಕಲ್ ನೋಡ್ತಿದ್ದೀರಾ ಮೇಡಂ?" ಅಂದರು. ನನ್ನ ಹೆಸರು ಹೇಳಿದ ಮೇಲೆ "ವಾಪಸ್ ಮಾಡ್ತೀನಿ ಸರ್" ಅಂತ ಇಟ್ಟರು. ಮಾಡಲಿಲ್ಲ.

ಕೊನೆಗೆ ಸೈಕಲ್ ಕಂಪನಿಗೇ ಬರೆದೆ. ಕ್ರ್ಯಾಂಕ್ ತಿರುಗುವ ಜಾಗದ ಕೆಳಗೆ ಸೀರಿಯಲ್ ನಂಬರ್ ಇತ್ತು, ಅದರ ಫೋಟೋ, ಬಿಲ್, ನನ್ನ ಅಳತೆ, ಮುರಿದ ಭಾಗದ ಫೋಟೋ ಎಲ್ಲ ಕಳಿಸಿದೆ. ಅವರು ಮರ್ಯಾದೆಯಿಂದ ಉತ್ತರ ಕೊಟ್ಟರು: ನಿಮ್ಮ ಅಳತೆಗೆ ನಮ್ಮ ಚಾರ್ಟ್ ಪ್ರಕಾರ 54, ಆದರೆ ಬದಲಾಯಿಸುವುದು ಮಾರಿದ ಅಂಗಡಿಗೆ ಬಿಟ್ಟಿದ್ದು. ಆ ಪತ್ರ ಹಿಡಿದು ಹೋದ ಮೇಲೆ ಅಂಗಡಿಯವರು ಹ್ಯಾಂಗರ್ ಮಾತ್ರ ಉಚಿತವಾಗಿ ಹಾಕಿದರು. ಡೀರೇಲರ್, ಕಡ್ಡಿ, ಕೂಲಿ ಎಲ್ಲ ನನ್ನ ತಲೆಗೇ ಬಂತು.

ನೀವು ಹೋಗುವ ಮುಂಚೆ ಮನೆಯಲ್ಲೇ ಕಾಲಿನ ಒಳ ಅಳತೆ ತೆಗೆದುಕೊಳ್ಳಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಕಾಲುಗಳ ನಡುವೆ ದಪ್ಪ ಪುಸ್ತಕ ಇಟ್ಟು ಸೀಟಿನ ಹಾಗೆ ಮೇಲಕ್ಕೆ ಒತ್ತಿ, ನೆಲದಿಂದ ಪುಸ್ತಕದ ಮೇಲಂಚಿನ ತನಕ ಅಳೆಯಿರಿ. ನನ್ನದು 79 ಸೆಂ.ಮೀ. ಅದನ್ನು 0.883ರಿಂದ ಗುಣಿಸಿದರೆ ಕ್ರ್ಯಾಂಕ್ ತಿರುಗುವ ಜಾಗದ ನಡುವಿನಿಂದ ಸೀಟಿನ ಮೇಲ್ಭಾಗದ ತನಕ ಎತ್ತರ ಸುಮಾರು ಎಷ್ಟಿರಬೇಕು ಅಂತ ಸಿಗುತ್ತದೆ, ನನಗೆ 69.8 ಬಂತು. ಇದು ಶುರು ಮಾಡಲು ಒಂದು ಲೆಕ್ಕ, ಅಷ್ಟೇ. 54, 56 ಅನ್ನುವ ಅಂಕಿಯನ್ನು ಮಾತ್ರ ನಂಬಬೇಡಿ, ಒಂದು ಕಂಪನಿಯ 54 ಇನ್ನೊಂದರ 54 ಥರ ಇರುವುದಿಲ್ಲ. ಚಾರ್ಟ್‌ನಲ್ಲಿ ಸ್ಟ್ಯಾಕ್ ಮತ್ತು ರೀಚ್ ಅಂತ ಎರಡು ಅಳತೆ ಇರುತ್ತವೆ. ಕ್ರ್ಯಾಂಕ್ ತಿರುಗುವ ಜಾಗದ ನಡುವಿನಿಂದ ಫ್ರೇಮಿನ ಮುಂದಿನ ಕೊಳವೆಯ ಮೇಲ್ತುದಿ ಎಷ್ಟು ಎತ್ತರದಲ್ಲಿದೆ ಅನ್ನುವುದು ಸ್ಟ್ಯಾಕ್, ಎಷ್ಟು ಮುಂದಿದೆ ಅನ್ನುವುದು ರೀಚ್. ಎರಡು ಸೈಕಲ್ ಹೋಲಿಸಲು ಇವೇ ಬೇಕು. ಸ್ನೇಹಿತರ ಸೈಕಲ್ ನಿಮಗೆ ಆರಾಮ ಅನಿಸಿದರೆ ಅದರ ಸ್ಟ್ಯಾಕ್, ರೀಚ್ ಬರೆದುಕೊಂಡು ಹೋಗಿ.

ಓಡಿಸಲು ಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ. ಎರಡು ನಿಮಿಷ ಸಾಲದು, ಕೈ ಮರಗಟ್ಟುತ್ತದೋ ಇಲ್ಲವೋ ಗೊತ್ತಾಗಲು ಇಪ್ಪತ್ತು ನಿಮಿಷವಾದರೂ ಬೇಕು. ಹಣ ಕಟ್ಟುವ ಮುಂಚೆ ಬಿಲ್ಲಿನ ಹಿಂಬದಿ ಓದಿ. ಸೈಜ್ ಸರಿಹೋಗದಿದ್ದರೆ ಎಷ್ಟು ದಿನದೊಳಗೆ ಬದಲಾಯಿಸುತ್ತೀರಿ, ಓಡಿಸಿದ ಸೈಕಲ್ ಆದರೂ ಬದಲಾಯಿಸುತ್ತೀರಾ, ಇದನ್ನು ಬಿಲ್ಲಿನ ಮೇಲೇ ಬರೆಸಿ ಸಹಿ ಹಾಕಿಸಿ. ಸುಮ್ನೆ "ನಾವಿದ್ದೀವಲ್ಲ ಸರ್" ಅಂದರೆ ಒಪ್ಪಬೇಡಿ. ಡೆಲಿವರಿ ದಿನ ಹಿಂದಿನ ಚಕ್ರ ಮೇಲೆತ್ತಿಸಿ ಎಲ್ಲ ಗೇರ್ ಹಾಕಿ ತೋರಿಸಿ ಅನ್ನಿ, ದೊಡ್ಡ ಹಲ್ಲುಚಕ್ರದಲ್ಲಿ ಚೈನು ಇರುವಾಗ ಡೀರೇಲರ್ ಕಡ್ಡಿಗೆ ತಾಗುತ್ತಿಲ್ಲ ಅಂತ ಕಣ್ಣಾರೆ ನೋಡಿ. ಸರ್ವಿಸ್‌ಗೆ ಬಿಟ್ಟಾಗ ನಿಮ್ಮ ದೂರನ್ನು ಜಾಬ್ ಕಾರ್ಡ್‌ನಲ್ಲಿ ನಿಮ್ಮ ಎದುರಿಗೇ ಬರೆಸಿ, ಫೋಟೋ ತೆಗೆದುಕೊಳ್ಳಿ. ಅವರು ಬರೆಯದಿದ್ದರೆ ಅಲ್ಲೇ ನಿಂತು ಅವರಿಗೇ ಮೆಸೇಜ್ ಹಾಕಿ, ತಾರೀಕು ಉಳಿಯುತ್ತದೆ.

ಕಳೆದ ತಿಂಗಳು ಸೈಕಲ್ ಮಾರಿಬಿಟ್ಟೆ, ನಷ್ಟದಲ್ಲೇ. ನೋಡಲು ಬಂದವರು ನನಗಿಂತ ಸಾಕಷ್ಟು ಎತ್ತರ ಇದ್ದರು. ಬೆಲೆ ಮಾತಾಡುವ ಮುಂಚೆ ಗೋಡೆಗೆ ನಿಲ್ಲಿಸಿ ಪುಸ್ತಕ ಕೊಟ್ಟು ಅಳತೆ ತೆಗೆದೆ, 86 ಬಂತು. ಹಳೆಯ 110 ಸ್ಟೆಮ್ ಹಾಕಿ, ಸೀಟು ಹಿಂದಕ್ಕೆ ಸರಿಸಿ ಒಂದು ಗಂಟೆ ಓಡಿಸಿಕೊಂಡು ಬನ್ನಿ ಅಂತ ಕಳಿಸಿದೆ. ನಗುತ್ತಾ ವಾಪಸ್ ಬಂದರು. ಹ್ಯಾಂಗರ್, ಡೀರೇಲರ್, ನಾಲ್ಕು ಕಡ್ಡಿ ಬದಲಾಗಿದೆ ಅಂತ ತಾರೀಕು ಸಮೇತ ಹಾಳೆಯಲ್ಲಿ ಬರೆದು, ಸಹಿ ಹಾಕಿ ಅವರ ಕೈಗೆ ಕೊಟ್ಟೆ.